ಗುಡ್ಡದಾಗ ಯಾರೋ ಅದಾರ

ಗುಡ್ಡ ತೋರಿಸಲು ಹೋದವನಿಗೆ ಗುಡ್ಡವೊಂದನ್ನು ಬಿಟ್ಟು ಬಾಕಿ ಎಲ್ಲ ಕಾಣುತ್ತದೆ. ನನಗಂತೂ ವರುಷಕ್ಕೆ ಎರಡು ಮೂರು ಸಲ ಹಾಗೆ ಆಗದೆ ಬಿಟ್ಟದ್ದಿಲ್ಲ.

ನಾನು ಬಾದಾಮಿಯ ಕನ್ನಡ ಸಾಲಿಗೆ ಮಾಸ್ತರನಾಗಿ ಸೇರಿದಾಗ ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದೆವು. ವಯಸ್ಸು ಇಪ್ಪತ್ತೆರಡು, ಲಗ್ನ ಆಗಿರಲಿಲ್ಲ, ಗುಡ್ಡ ಹತ್ತುವ ಚಟವೊಂದಿತ್ತು. ಊರಿಗೆ ದೊಡ್ಡ ಮನುಷ್ಯರು ಯಾರಾದರೂ ಗವಿ ನೋಡಲು ಬಂದರೆ ಕಚೇರಿಯ ಪಟ್ಟೇವಾಲಾ ಸಾಲಿಯ ಬಾಗಿಲಲ್ಲಿ ನಿಂತು, "ಮಾಸ್ತರ, ಮಂದಿ ಬಂದಾರ್ರಿ, ಗುಡ್ಡ ತೋರಸಬೇಕಂತ" ಅನ್ನುತ್ತಿದ್ದ. ಹೆಡ್‌ಮಾಸ್ತರರು ನನ್ನ ವರ್ಗದ ಹುಡುಗರನ್ನು ತಮ್ಮ ವರ್ಗಕ್ಕೆ ಕೂಡಿಸಿಕೊಂಡು ನನ್ನನ್ನು ಕಳಿಸಿಬಿಡುತ್ತಿದ್ದರು. ಹೀಗೆ ಬಾದಾಮಿಯ ಗವಿಗಳಿಂದ ಹಿಡಿದು ಐಹೊಳೆಯ ಗುಡ್ಡ, ಹುನಗುಂದ ಇಳಕಲ್ಲಿನ ಆಚೆ ಹೈದರಾಬಾದ ಸೀಮೆಯ ಗಡಿಯಲ್ಲಿದ್ದ ಕುರುಚಲು ಅಡವಿಯವರೆಗೆ ನಾನು ಮಂದಿಯನ್ನು ಕರೆದುಕೊಂಡು ತಿರುಗಿದ್ದೇನೆ.

ಈ ಗುಡ್ಡಗಳದೊಂದು ಗುಣ. ನಾವು ಮಾತಾಡುತ್ತ ಹೋದರೆ ಅವು ಸುಮ್ಮನಿರುತ್ತವೆ. ನಾವು ಸುಮ್ಮನಾದೆವೋ, ಅವು ಶುರು ಮಾಡುತ್ತವೆ.

೧. ನಿಂದರು ಅಂದವರು ಯಾರು?

ಬಾದಾಮಿಗೆ ಹೊಸದಾಗಿ ವರ್ಗವಾಗಿ ಬಂದ ಫೌಜದಾರರೊಬ್ಬರಿಗೆ ಬಡಗಣ ಗುಡ್ಡ ತೋರಿಸಲು ಹೋಗಿದ್ದೆ. ಆರಡಿ ಆಳು, ಮೀಸೆಯ ತುದಿ ಕಿವಿಯ ಹತ್ತಿರ ಬಂದಿತ್ತು. ಬಿಸಿಲ ಹೊತ್ತು. ಗುಡ್ಡ ಹತ್ತುವ ದಾರಿ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಹೋಗುತ್ತದೆ. ಎರಡೂ ಕಡೆ ಕೆಂಪು ಕಲ್ಲು ನೆಟ್ಟಗೆ ಮೇಲಕ್ಕೆ ನಿಂತಿದೆ, ಆಕಾಶ ಒಂದು ಪಟ್ಟಿಯಷ್ಟು ಕಾಣುತ್ತದೆ. ಒಳಗೆ ಹೋದಕೂಡಲೆ ಊರಿನ ಸಪ್ಪಳ ಯಾರೋ ಕೈಯಿಂದ ಮುಚ್ಚಿದ ಹಾಗೆ ನಿಂತುಹೋಗುತ್ತದೆ.

"ಇಲ್ಲಿ ಭೂತ ಪೀತ ಅಂತ ಮಂದಿ ಅಂತಾರಂತಲ್ಲ ಮಾಸ್ತರ?" ಎಂದರು ಫೌಜದಾರರು. "ನನಗ ಒಂದರೆ ಭೆಟ್ಟಿ ಆಗ್ಲಿ, ಠಾಣೇಕ ಒಯ್ದು ಕುಂದರಸ್ತೇನಿ."

ಅವರು ಬಾಯಿ ಮುಚ್ಚಿ ನಾಲ್ಕು ಹೆಜ್ಜೆ ಇಟ್ಟಿರಬೇಕು. ಕಲ್ಲಿನ ಒಳಗಿಂದ ಒಂದು ಹೆಣ್ಣು ದನಿ ಬಂತು.

"ಏ, ನಿಂದರಲ್ಲೇ!"

ಫೌಜದಾರರು ನಿಂತರು. ನಾನೂ ನಿಂತೆ. ಹಿಂದೆ ಯಾರಿಲ್ಲ, ಮುಂದೆ ಯಾರಿಲ್ಲ. ದನಿ ಮಾತ್ರ ಎಡದ ಬಂಡೆಯಿಂದ ಬಲದ ಬಂಡೆಗೆ ಹೋಗಿ, ಅಲ್ಲಿಂದ ನಮ್ಮ ಕಿವಿಗೆ ಬಂತು.

"ಮುಂದ ಹೆಜ್ಜಿ ಇಟ್ಟಿ ಅಂದ್ರ ಕಾಲು ಮುರೀತೇನಿ!"

ಫೌಜದಾರರು ಎತ್ತಿದ ಕಾಲನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು. ಮೀಸೆಯ ಮೇಲಿಂದ ಬೆವರು ಇಳಿಯಿತು.

"ಮೈ ನೋಡು ಮೈ! ತಿಂದು ತಿಂದು ಹೆಂಗ ಕೊಬ್ಬೀದಿ! ತಿರುಗು, ಈ ಕಡೆ ಮಾರಿ ಮಾಡು!"

ಈ ಕಡೆ ಎಂದರೆ ಯಾವ ಕಡೆ ಎಂದು ತಿಳಿಯದೆ ಫೌಜದಾರರು ಬಂಡೆಗೆ ಮುಖ ಮಾಡಿ ನಿಂತರು. ಎರಡೂ ಕೈ ತಾವಾಗಿಯೇ ಮೇಲೆ ಹೋಗಿದ್ದವು. ನಾನು ನಕ್ಕೆನೆಂದು ತಿಳಿಯಬೇಡಿ. ಅವರ ಪಕ್ಕದಲ್ಲಿ ಅದೇ ಬಂಡೆಗೆ ಮೂಗು ಹಚ್ಚಿ ನಾನೂ ನಿಂತಿದ್ದೆ. ಹೀಗೆ ಎಷ್ಟು ಹೊತ್ತು ಕಳೆಯಿತೋ. ಕಡೆಗೆ ಮೇಲಿಂದ ಮುಸುವ ಮಂಗವೊಂದು ಸಣ್ಣ ಕಲ್ಲು ಕೆಡವಿತು. ಅದು ಬಿದ್ದ ಸಪ್ಪಳಕ್ಕೆ ಇಬ್ಬರೂ ಒಂದೇ ಉಸುರಿಗೆ ಗುಡ್ಡದ ಬುಡದ ಕೆರೆಯ ದಂಡೆಗೆ ಇಳಿದು ಬಂದೆವು.

ಅಲ್ಲಿ ಒಬ್ಬ ಹೆಣ್ಣುಮಗಳು ಕೈಯಲ್ಲಿ ಬಡಿಗೆ ಹಿಡಿದು ಕಲ್ಲಿನ ಮೇಲೆ ಕೂತಿದ್ದಳು. ಅವಳ ಎಮ್ಮೆ ಕೆರೆಯ ನಡುವೆ ಹಾಯಾಗಿ ತೇಲುತ್ತಿತ್ತು.

"ನೋಡ್ರಿ ಮಾಸ್ತರ," ಎಂದಳು ನನ್ನನ್ನು ಕಂಡು, "ಆಗಿಂದ ನಿಂದರು ನಿಂದರು ಅಂತ ಗಂಟಲು ಹರಕೊಳ್ಳಾಕತ್ತೀನಿ. ನನ್ನ ಮಾತು ಯಾರು ಕೇಳತಾರ?"

"ಹಂಗನ್ನಬ್ಯಾಡವ್ವ," ಎಂದೆ. "ನಾವಿಬ್ರು ಕೇಳಿದ್ವಿ."

೨. ಐದು ಕಾಲಿನದು

ಹುಬ್ಬಳ್ಳಿ ಕಡೆಯಿಂದ ಒಬ್ಬ ಫೋಟೋಗ್ರಾಫರ ಬಂದಿದ್ದ. ಅವನದು ಮೂರು ಕಾಲಿನ ಮೇಲೆ ನಿಲ್ಲಿಸುವ ದೊಡ್ಡ ಪೆಟ್ಟಿಗೆ ಕ್ಯಾಮರಾ. ಫೋಟೋ ತೆಗೆಯುವಾಗ ಕರಿ ಅರಿವೆಯೊಳಗೆ ತಲೆ ಹಾಕಬೇಕು. ಒಳಗೆ ಒಂದು ಗಾಜಿದೆ, ಅದರಲ್ಲಿ ಎದುರಿನದೆಲ್ಲ ತಲೆಕೆಳಗಾಗಿ ಮೂಡುತ್ತದೆ ಎಂದು ದಾರಿಯುದ್ದಕ್ಕೂ ನನಗೆ ಹೇಳಿಕೊಡುತ್ತ ಬಂದ.

ಐಹೊಳೆಯಲ್ಲಿ ಮೇಗುತಿ ಗುಡ್ಡದ ಹಿಂಭಾಗಕ್ಕೆ ಹೋದರೆ ನಾಲ್ಕು ಕಡೆ ಹಾಸುಗಲ್ಲು ನಿಲ್ಲಿಸಿ ಮೇಲೊಂದು ಕಲ್ಲು ಹೊಚ್ಚಿದ ಗೂಡುಗಳಿವೆ. ಬಹಳ ಹಳೆಯ ಕಾಲದವು. ಮಂದಿ ಮೋರೇರ ಮನೆ ಅನ್ನುತ್ತಾರೆ. ಮೋರೇರು ಎಂದರೆ ಮೂರು ಗೇಣಿನ ಆಳುಗಳು, ಮಳೆಗೆ ಬೆಂಕಿ ಬೀಳುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿ ಒಳಗೇ ಸತ್ತುಹೋದರು ಎಂದು ಕತೆ. ಇದನ್ನು ಫೋಟೋಗ್ರಾಫರನಿಗೆ ಹೇಳಿದವನು ನಾನೇ. ತಪ್ಪು ನನ್ನದು.

ಹೊತ್ತು ಇಳಿಯುತ್ತಿತ್ತು. ಗಾಳಿ ಪೂರ್ತಿ ನಿಂತಿತ್ತು. ಅವನು ಒಂದು ಮೋರೇರ ಮನೆಯ ಎದುರು ಕ್ಯಾಮರಾ ಹೂಡಿ ಕರಿ ಅರಿವೆ ಹೊದ್ದುಕೊಂಡ. ನಾನು ನೀರು ಕುಡಿಯಲು ಗುಡಿಯ ಕಡೆಗೆ ಹೋದೆ. ತಂಬಿಗೆ ಬಾಯಿಗೆ ಹಚ್ಚಿರಲಿಲ್ಲ, ಹಿಂದೆ ಒಂದು ಕೂಗು ಕೇಳಿತು. ಅದರ ಬೆನ್ನಿಗೇ ಇನ್ನೊಂದು, ಬೇರೆ ದನಿಯದು. ಓಡಿ ಬಂದು ನೋಡಿದರೆ ಕ್ಯಾಮರಾ ಇದೆ, ಕರಿ ಅರಿವೆ ಇದೆ, ಮನುಷ್ಯ ಇಲ್ಲ. ಗುಡ್ಡ ತಣ್ಣಗೆ ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಆ ಕೂಗು ಹಾಕಿದವರು ಎಲ್ಲಿ ಹೋದರೆಂದು ಹುಡುಕುವ ಧೈರ್ಯ ನನಗಾಗಲಿಲ್ಲ. ಊರಿಗೆ ಇಳಿದೆ.

ಊರ ಕಟ್ಟೆಯ ಮೇಲೆ ಫೋಟೋಗ್ರಾಫರ ಕೂತಿದ್ದ, ಸುತ್ತಲೂ ಹತ್ತು ಮಂದಿ. ಯಾರೋ ಅವನ ನೆತ್ತಿಗೆ ನೀರು ತಟ್ಟುತ್ತಿದ್ದರು.

"ಮಾಸ್ತರ, ಮೋರೇರವ ಹೊರಗ ಬಂದ!" ಎಂದ. "ಖರೆ ಹೇಳ್ತೇನಿ, ತಲಿ ಕೆಳಗ, ಕಾಲು ಆಕಾಶಕ್ಕ! ಕಂಬಳಿ ಹೊತ್ತಿದ್ದ!"

ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತದೆಂದು ನನಗೆ ಹೇಳಿಕೊಟ್ಟವನೇ ಇವನು. ಅದನ್ನು ನೆನಪಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಓಣಿಯಿಂದ ಕುರಿ ಕಾಯುವ ಮುದುಕನೊಬ್ಬ ಕಂಬಳಿ ಎಳೆದಾಡುತ್ತ ಓಡಿ ಬಂದು ಅದೇ ಕಟ್ಟೆಯ ಮೇಲೆ ಕುಸಿದ. ಬಿಸಿಲಿಗೆ ಆ ಕಲ್ಲಿನ ಗೂಡಿನೊಳಗೆ ಮಲಗಿದ್ದವನು ಅವನೇ.

"ಯಪ್ಪಾ, ನಾ ಇನ್ನ ಆ ಗುಡ್ಡಕ್ಕ ಹೋಗಾಂಗಿಲ್ಲ," ಎಂದ ಏದುಸಿರಿನಲ್ಲಿ. "ಎದ್ದು ಹೊರಗ ಬರೂದರಾಗ ಬಾಗಲದಾಗ ನಿಂತಿತ್ತು. ಐದು ಕಾಲು! ತಲೀನಽ ಇಲ್ಲ, ಕರೇ ಮೈ, ನಡುವ ಒಂದಽ ಕಣ್ಣು!"

ಮೂರು ಕಟ್ಟಿಗೆಯ ಕಾಲು, ಎರಡು ಫೋಟೋಗ್ರಾಫರನವು. ನನಗೆ ಎಲ್ಲ ತಿಳಿಯಿತು. ಫೋಟೋಗ್ರಾಫರ ಮಾತ್ರ ಮುದುಕನ ಕೈ ಹಿಡಿದು, "ಅದು ಯಾವ ಕಡೆ ಹೋತು, ಯಜಮಾನ?" ಎಂದು ಕೇಳಿದ.

"ಎಲ್ಲೂ ಹೋಗಿಲ್ಲಪಾ. ಕಾಲು ಅಗಲಿಸಿ ಅಲ್ಲೇ ನಿಂತೈತಿ."

"ನಡೀರಿ," ಎಂದೆ ನಾನು, "ಕ್ಯಾಮರಾ ತೊಗೊಂಡು ಬರೋಣು, ಎಲ್ಲಾ ತಿಳಿಸಿ ಹೇಳತೇನಿ."

"ಕ್ಯಾಮರಾ ಹೋದ್ರ ಹೋಗ್ಲಿ ಬಿಡ್ರಿ ಮಾಸ್ತರ," ಎಂದ ಫೋಟೋಗ್ರಾಫರ. "ಒಂದು ದೆವ್ವ ಅಂದ್ರ ಬರತಿದ್ದೆ. ಅಲ್ಲಿ ಎರಡು ಅದಾವ!"

೩. ವಕೀಲರ ಸಾಕ್ಷಿ

ಬಾಗಲಕೋಟೆಯ ವಕೀಲರೊಬ್ಬರಿಗೆ ಗಡಿಯ ಅಡವಿಯಲ್ಲಿರುವ ಒಂದು ಕೊಳ್ಳ ನೋಡುವ ಆಶೆ. ಮಳೆಗಾಲದಲ್ಲಿ ಅಲ್ಲಿ ನೀರು ಧುಮುಕುತ್ತದೆ. ಇಳಕಲ್ಲಿನಿಂದ ಚಕ್ಕಡಿಯಲ್ಲಿ ಹೋಗಿ, ಅದನ್ನು ಗುಡ್ಡದ ಬುಡಕ್ಕೆ ಬಿಟ್ಟು ನಾವಿಬ್ಬರೇ ನಡೆದೆವು. ಮೋಡ ಎಷ್ಟು ಕೆಳಗೆ ಇಳಿದಿತ್ತೆಂದರೆ ಸೂರ್ಯ ಯಾವ ಕಡೆ ಎಂಬುದೇ ತಿಳಿಯುವಂತಿರಲಿಲ್ಲ. ಜಿಟಿಜಿಟಿ ಮಳೆ. ಎತ್ತ ನೋಡಿದರೂ ಕಾರಿಗಿಡ, ಕವಳಿಗಿಡ, ಮತ್ತೆ ಕಾರಿಗಿಡ.

ಅರ್ಧ ತಾಸು ನಡೆದ ಮೇಲೆ ಪೊದೆಗಳ ನಡುವೆ ಒಂದು ಗಡಿಕಲ್ಲು ಸಿಕ್ಕಿತು. ಸುಣ್ಣ ಬಳಿದ, ಸೊಂಟದ ಎತ್ತರದ ಕಲ್ಲು. ದಾಟಿ ಮುಂದೆ ಹೋದೆವು. ಸ್ವಲ್ಪ ಹೊತ್ತಿಗೆ ಅದೇ ಕಲ್ಲು ಮತ್ತೆ ಎದುರಿಗೆ ಬಂತು.

ವಕೀಲರು ನಿಂತರು. "ಮಾಸ್ತರ, ನಾವು ಸುತ್ತು ಹೊಡೆಯಾಕತ್ತೀವಿ. ದಿಕ್ಕು ತಪ್ಪಸೂ ಬಳ್ಳಿ ತುಳದೀವಿ ಅಂತ ಕಾಣತೈತಿ."

"ಬ್ಯಾರೆ ಕಲ್ಲು ಇರಬಹುದಲ್ರಿ?"

"ಸಾಕ್ಷಿ ಇಲ್ಲದ ಮಾತಾಡಬಾರದು," ಎಂದು ವಕೀಲರು ಕಿಸೆಯಿಂದ ಕರವಸ್ತ್ರ ತೆಗೆದು ಆ ಕಲ್ಲಿಗೆ ಕಟ್ಟಿದರು. "ಇನ್ನ ಗೊತ್ತಾಗತೈತಿ."

ಮತ್ತೆ ನಡೆದೆವು. ಮತ್ತೆ ಕಲ್ಲು. ಅದರ ಮೇಲೆ ಕರವಸ್ತ್ರ ಇರಲಿಲ್ಲ. ನನಗೆ ಜೀವ ಬಂದ ಹಾಗಾಯಿತು. ವಕೀಲರ ಮುಖ ಮಾತ್ರ ಸುಣ್ಣದ ಕಲ್ಲಿಗಿಂತ ಬೆಳ್ಳಗಾಯಿತು.

"ನೋಡಿದ್ರಿ? ಅದಽ ಕಲ್ಲು. ದೆವ್ವ ವಸ್ತ್ರ ಒಯ್ದೈತಿ!"

ಈ ಸಲ ಶಲ್ಯ ಕಟ್ಟಿದರು, ಎರಡು ಗಂಟು ಹಾಕಿ. ಮುಂದಿನ ಕಲ್ಲಿನ ಮೇಲೆ ಶಲ್ಯವೂ ಇರಲಿಲ್ಲ. ಅಲ್ಲಿಗೆ ಟೊಪ್ಪಿಗೆ ಇಟ್ಟರು. ಅದರ ಮುಂದಿನದಕ್ಕೆ ಕೋಟು, ಅದರ ಮುಂದಿನದಕ್ಕೆ ಅಂಗಿ. ಇಷ್ಟು ಹೊತ್ತಿಗೆ ನನಗೂ ನನ್ನ ಬುದ್ಧಿಯ ಮೇಲೆ ನಂಬಿಕೆ ಉಳಿದಿರಲಿಲ್ಲ. ಅಡವಿಯಲ್ಲಿ ಒಂದು ಹಕ್ಕಿಯ ದನಿಯೂ ಇಲ್ಲ. ಧೋತರವೊಂದರ ಮೇಲೆ ಉಳಿದ ವಕೀಲರು ಮಳೆಯಲ್ಲಿ ನಡುಗುತ್ತ ಮುಂದಿನ ಕಲ್ಲಿನ ಎದುರು ನಿಂತು ಸೊಂಟಕ್ಕೆ ಕೈ ಹಾಕಿದರು. ಆಗ ನಮ್ಮ ಹಿಂದೆ ಪೊದೆ ಸರಿದ ಸಪ್ಪಳವಾಯಿತು.

ತಿರುಗಿ ನೋಡಿದೆವು. ಮಂಜಿನೊಳಗಿಂದ ವಕೀಲರ ಟೊಪ್ಪಿಗೆ ಬರುತ್ತಿತ್ತು. ಅದರ ಕೆಳಗೆ ವಕೀಲರ ಕೋಟು. ಹೆಗಲ ಮೇಲೆ ವಕೀಲರ ಶಲ್ಯ. ಓಡುನಡಿಗೆಯಲ್ಲಿ ನೆಟ್ಟಗೆ ನಮ್ಮ ಕಡೆಗೇ.

ವಕೀಲರು ನನ್ನ ತೋಳು ಹಿಡಿದುಕೊಂಡರು. ಅವರ ಉಗುರು ನೆಟ್ಟ ಗುರುತು ಎಂಟು ದಿನ ಇತ್ತು.

"ಮಾಸ್ತರ," ಎಂದರು ಸಣ್ಣ ದನಿಯಲ್ಲಿ, "ಅಲ್ಲಿ ಬರಾಕತ್ತವ ನಾನಽ. ಹಂಗಾರ ಇಲ್ಲಿ ನಿಂತವ ಯಾರು?"

ಬಂದವನು ಗಡಿಯ ನಾಕೆಯ ಪೊಲೀಸ. ಜೋಳ ಗಡಿ ದಾಟದಂತೆ ಕಾಯಲು ಆಗ ಅಲ್ಲಲ್ಲಿ ನಾಕೆ ಇದ್ದವು. ಅವನಿಗೆ ಒಂದು ಗಡಿಕಲ್ಲಿನ ಮೇಲೆ ಕರವಸ್ತ್ರ ಸಿಕ್ಕಿತಂತೆ, ಅದರ ಮುಂದಿನದರ ಮೇಲೆ ಶಲ್ಯ. ಮಳೆಗೆ ತೊಯ್ಯಬಾರದೆಂದು ಸಿಕ್ಕದ್ದನ್ನೆಲ್ಲ ಮೈಮೇಲೆ ಹಾಕಿಕೊಂಡು ಬೆನ್ನು ಹತ್ತಿದ್ದ. ನಾವು ತಾಸುಗಟ್ಟಲೆ ನಡೆದದ್ದು ಗಡಿಯ ಗೆರೆಯ ಗುಂಟ. ಒಂದೇ ತರದ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು.

"ಅಷ್ಟು ಓಡಿ ಯಾಕ ಬಂದಿ?" ಎಂದು ಕೇಳಿದೆ. ಪಾಪ, ಅವನ ಏದುಸಿರು ಇನ್ನೂ ನಿಂತಿರಲಿಲ್ಲ.

"ಇನ್ನೂ ನಾಕು ಕಲ್ಲು ಉಳದಾವ್ರಿ," ಎಂದ ವಕೀಲರ ಧೋತರದ ಕಡೆ ನೋಡಿ. "ಇವರ ಹತ್ರ ಉಳದಿದ್ದು ಒಂದಽ ಅರಿವಿ."

೪. ಯಾರ ದೆವ್ವ

ಅದೇ ಗಡಿಯಲ್ಲಿ ಒಂದು ಪಾಳು ಹುಡೇವು, ಹಳೆಯ ಕಾವಲು ಬುರುಜು, ಇದೆ. ಅದರ ಮೇಲೆ ಹತ್ತಿದರೆ ಎರಡೂ ಸೀಮೆಯ ಗುಡ್ಡಗಳು ಕಾಣುತ್ತವೆ. ಪಕ್ಕದಲ್ಲಿ ಹುಣಸೆಮರ. ಗಾಳಿ ಇಲ್ಲದಾಗಲೂ ಅದರ ಒಣಕಾಯಿ ಗಿಲಕಿಯ ಹಾಗೆ ಸಪ್ಪಳ ಮಾಡುತ್ತವೆ. ಎಲ್ಲರೂ ಕೇಳಿದ್ದಾರೆ, ನಾನೂ ಕೇಳಿದ್ದೇನೆ. ಮರದಲ್ಲಿ ದೆವ್ವ ಇದೆಯೆಂಬುದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಅದು ಯಾರದೆಂಬುದಕ್ಕೆ. ಈ ಕಡೆಯವರು ಅದು ನಿಜಾಮನ ಸೀಮೆಯದು ಅನ್ನುತ್ತಿದ್ದರು, ಆ ಕಡೆಯವರು ಮುಂಬಯಿ ಸರಕಾರದ್ದು ಅನ್ನುತ್ತಿದ್ದರು. ನಮ್ಮ ಕಡೆಯ ಅಜ್ಜಿಯೊಬ್ಬಳು ಬೇಸಗೆಯಲ್ಲಿ ಆ ಮರದ ನೆರಳಲ್ಲೇ ಕೂತು ಕವಳಿಹಣ್ಣು ಮಾರುತ್ತಿದ್ದಳು. ಅಂಜಿಕೆ ಇಲ್ಲವೇ ಎಂದರೆ, "ಅದು ಪರಸೀಮೀದು, ನಮಗೇನ ಮಾಡತೈತಿ" ಅನ್ನುತ್ತಿದ್ದಳು.

ಐವತ್ತಾರರಲ್ಲಿ ರಾಜ್ಯ ಒಂದಾಯಿತು. ಮರುವರ್ಷ ಬೇಸಗೆಯಲ್ಲಿ ನಮ್ಮ ಸಾಲಿಯ ಮಾಸ್ತರರನ್ನೆಲ್ಲ ಹುಡೇವು ನೋಡಲು ಕರೆದುಕೊಂಡು ಹೋದೆ. ಅಜ್ಜಿ ಮರ ಬಿಟ್ಟು ಹತ್ತು ಮಾರು ದೂರ, ಸುಡುವ ಬಿಸಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಯಾಕಬೇ, ನೆರಳು ಬಿಟ್ಟಿ?"

ಅಜ್ಜಿ ಮರದ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಮೊದಲ ಅದು ಅವರದಿತ್ತಪಾ. ಈಗ ಎಲ್ಲಾ ಒಂದಽ ಮಾಡ್ಯಾರಂತಲ್ಲ, ನಮ್ಮದೂ ಆತು!"

೫. ಚಂದ್ರಕಾಳಿ ಸೀರೆಯವರು

ಇದು ಅದಕ್ಕೂ ಎರಡು ವರ್ಷ ಹಿಂದಿನದು, ನನ್ನ ಸ್ವಂತದ್ದು.

ಇಳಕಲ್ಲಿನ ಒಂದು ಮನೆತನದಿಂದ ನನಗೆ ಹೆಣ್ಣಿನ ಮಾತು ಬಂದಿತ್ತು. ಹುಡುಗಿಯನ್ನು ನಾನು ನೋಡಿರಲಿಲ್ಲ. ಮೊದಲು ಹಿರಿಯರು ವರನನ್ನೂ ಊರನ್ನೂ ನೋಡಿ ಒಪ್ಪಬೇಕು, ಆಮೇಲೆ ಮುಂದಿನ ಮಾತು. ಸಂಕ್ರಾಂತಿಗೆ ಗವಿ ನೋಡುವ ನೆಪ ಮಾಡಿ ಆ ಮನೆಯ ಹೆಂಗಸರು ಬಾದಾಮಿಗೆ ಬಂದು ತಮ್ಮ ಬೀಗರೊಬ್ಬರ ಮನೆಯಲ್ಲಿ ಇಳಿದರು. ಹುಡುಗಿಯೂ ಜೊತೆಗೆ ಬಂದಿದ್ದಾಳೆ, ಆದರೆ ಮನೆಬಿಟ್ಟು ಹೊರಗೆ ಬರುವಂತಿಲ್ಲ ಎಂದು ಕೇಳಿದೆ. ಎಲ್ಲರ ಮೇಲೆ ಹುಡುಗಿಯ ದೊಡ್ಡವ್ವನ ಯಜಮಾನಿಕೆ. ಆಕೆ ಹೂಂ ಅಂದರೆ ಹೂಂ. ಬಂದ ಗಳಿಗೆಯಿಂದ ಆಕೆ, "ಇದೆಂಥಾ ಊರು, ಸುತ್ತ ಕಲ್ಲು, ಮ್ಯಾಲ ಮಂಗ್ಯಾ" ಎಂದು ಗೊಣಗುತ್ತಿದ್ದಳು. ನನ್ನ ಅವ್ವ ನನ್ನನ್ನು ಪಕ್ಕಕ್ಕೆ ಕರೆದು, "ಇದು ನಾಕನೇ ಸಂಬಂಧಪಾ, ಇದೂ ಹೋತಂದ್ರ ನಾ ಯಾರಿಗೂ ಮಾರಿ ತೋರಸಾಂಗಿಲ್ಲ" ಎಂದಳು.

ಸಂಕ್ರಾಂತಿಗೆ ನಮ್ಮ ಕಡೆ ಹೆಂಗಸರು ಚಂದ್ರಕಾಳಿ ಸೀರೆ ಉಡುತ್ತಾರೆ. ಕರೀ ಮೈ, ಕೆಂಪು ಸೆರಗು. ಬಂದವರೆಲ್ಲ ಅದನ್ನೇ ಉಟ್ಟು ತಲೆಯ ತುಂಬ ಸೆರಗು ಹೊತ್ತಿದ್ದರು. ಮೆಟ್ಟಿಲ ಬುಡದಲ್ಲಿ ನಾನು ಎಣಿಸಿದೆ. ಮಾಸ್ತರನ ಚಟ, ಗುಂಪು ಕಂಡರೆ ಎಣಿಸದೆ ಬಿಡೆ. ದೊಡ್ಡವ್ವ ಹಿಡಿದು ಒಂಬತ್ತು.

ಮೂರನೆಯ ಗವಿ ಎಲ್ಲಕ್ಕಿಂತ ದೊಡ್ಡದು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಕಂಬದ ಸಂದಿನಲ್ಲೆಲ್ಲ ಕಲ್ಲಿನ ಮೂರ್ತಿಗಳು ನಿಂತು ನೋಡುತ್ತವೆ. ನಾನು ಮೂರ್ತಿ ತೋರಿಸುತ್ತ ತಿರುಗಿ ಒಂದು ಸಲ ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತು. ಕಂಬಗಳನ್ನು ಬಿಟ್ಟು, ಮೂರ್ತಿಗಳನ್ನು ಬಿಟ್ಟು, ಬೆರಳು ಮಡಿಚಿ ಎಣಿಸಿದೆ. ಕರೀ ಸೀರೆಯವರು ಹತ್ತು ಮಂದಿ.

ಮುಚ್ಚಿಡಬಹುದಾಗಿತ್ತು. ಆದರೆ ನನ್ನ ಮುಖ ನೋಡಿಯೇ ದೊಡ್ಡವ್ವ, "ಏನಾತ್ರಿ?" ಎಂದಳು.

"ನೀವು ಎಷ್ಟು ಮಂದಿ ಬಂದೀರಿ?"

"ಒಂಬತ್ತು." ಆಕೆಯೂ ತಿರುಗಿ ಬೆರಳು ತೋರಿಸುತ್ತ ಗಟ್ಟಿಯಾಗಿ ಎಣಿಸಿದಳು. "...ಏಳು, ಎಂಟು, ಒಂಬತ್ತು..." ಆಮೇಲೆ ಬಹಳ ಮೆಲ್ಲಗೆ, "ಹತ್ತು."

"ಎಲ್ಲಾರೂ ಸೆರಗು ತೆಗದು ಮಾರಿ ತೋರಸ್ರಿ, ಗೊತ್ತಾಗತೈತಿ" ಎಂದೆ. "ಬ್ಯಾಡ್ರಿ!" ಎಂದಳು ದೊಡ್ಡವ್ವ. "ಅದರ ಮಾರಿ ನೋಡಿದ್ರ ಬೆನ್ನು ಹತ್ತತೈತಿ." ಈ ಮಾತಿಗೆ ಎಲ್ಲರೂ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. "ದೆವ್ವಕ್ಕ ಪಾದ ಹಿಂದಮುಂದ ಇರತಾವ. ಎಲ್ಲಾರೂ ನಿರಿಗಿ ಎತ್ತಿ ಪಾದ ತೋರಸ್ರಿ!" ಎಂದು ಆಕೆಯೇ ಅಪ್ಪಣೆ ಮಾಡಿದಳು.

ಹತ್ತು ಜೋಡಿ ಪಾದಗಳು ಸಾಲಾಗಿ ಹೊರಗೆ ಬಂದವು. ಹತ್ತೂ ನೆಟ್ಟಗಿದ್ದವು. ದೊಡ್ಡವ್ವ ನನ್ನ ಧೋತರದ ಕಡೆ ತಿರುಗಿದಳು. "ನಿಮ್ಮವೂ ಕಾಣಲಿ, ಮಾಸ್ತರ."

ನಾನು ಧೋತರ ಎತ್ತುವುದಕ್ಕೂ ಒಳಗಿನ ಕತ್ತಲೆಯಿಂದ ಬಾವಲಿಗಳು ಭರ್ರನೆ ಏಳುವುದಕ್ಕೂ ಸರಿಹೋಯಿತು. ಗವಿಗೆ ಗವಿಯೇ ಕಿರಿಚಿತು. ಹೆಂಗಸರು ಒಬ್ಬರನ್ನೊಬ್ಬರು ದೂಡುತ್ತ ಹೊರಗೆ ಓಡಿದರು. ಎಲ್ಲರಿಗಿಂತ ಮುಂದೆ ದೊಡ್ಡವ್ವ.

ನಾನು ನಿಂತಿದ್ದೆ. ನನ್ನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ಕರೀ ಸೀರೆಯ ಒಬ್ಬಾಕೆ ನಿಂತಿದ್ದಳು. ಓಡದೆ ಉಳಿದವಳೆಂದರೆ ಇವಳೇ ಹತ್ತನೆಯಾಕೆ ಎಂದು ನನಗೆ ಖಾತ್ರಿಯಾಯಿತು. ತಿರುಗಿ ನೋಡಲಿಲ್ಲ. ಆಕೆಯೂ ನೋಡಲಿಲ್ಲ. ಇಬ್ಬರೂ ಎದುರಿನ ನರಸಿಂಹನನ್ನೇ ನೋಡುತ್ತ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಒಂದು ಗೆಜ್ಜೆಯ ಸಪ್ಪಳ ದೂರ ದೂರ ಹೋಯಿತು. ನಾನು ಕೆಳಗೆ ಇಳಿದು ಎಣಿಸಿದೆ. ಒಂಬತ್ತು.

ದೊಡ್ಡವ್ವ ಬುತ್ತಿಯನ್ನೂ ಬಿಚ್ಚಗೊಡದೆ, "ಈ ಊರಿಗೆ ಹೆಣ್ಣು ಕೊಡಾಂಗಿಲ್ಲ" ಎಂದು ಅದೇ ದಿನ ಎಲ್ಲರನ್ನೂ ಬಸ್ಸಿಗೆ ಹತ್ತಿಸಿದಳು. ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರು ವಾರದ ಮೇಲೆ ಇಳಕಲ್ಲಿನಿಂದ ಕಾಗದ ಬಂತು: ಹುಡುಗಿ ಊಟ ಬಿಟ್ಟು ಹಟ ಹಿಡಿದಿದ್ದಾಳೆ, ಲಗ್ನವಾದರೆ ಆ ಮಾಸ್ತರನನ್ನೇ ಆಗುವೆನೆನ್ನುತ್ತಾಳೆ. ಯಾಕೆಂದು ಯಾರಿಗೂ ತಿಳಿಯಲಿಲ್ಲ. ನನಗಂತೂ ಮೊದಲೇ ತಿಳಿಯಲಿಲ್ಲ.

ಲಗ್ನವಾಗಿ ನಾಲ್ಕನೆಯ ದಿನ ಹೆಂಡತಿ ತಾನಾಗಿ ಹೇಳಿದಳು. ವರನನ್ನು ಒಂದು ಸಲ ಕಣ್ಣಾರೆ ನೋಡಬೇಕೆಂದು ಅವತ್ತು ಟ್ರಂಕಿನಿಂದ ತನ್ನ ಅವ್ವನ ಇನ್ನೊಂದು ಚಂದ್ರಕಾಳಿ ತೆಗೆದು ಉಟ್ಟು, ಹಿತ್ತಲ ಬಾಗಿಲಿಂದ ಬಂದು ಗವಿಯಲ್ಲಿ ಗುಂಪಿನ ಹಿಂದೆ ಸೇರಿಕೊಂಡಿದ್ದಳಂತೆ. "ಎಲ್ಲಾರೂ ಓಡಿದ್ರು. ನೀವೊಬ್ರಽ ಎದಿ ಗಟ್ಟಿ ಮಾಡಿ ನಿಂತ್ರಿ. ಅವತ್ತಽ ಮನಸ್ಸಿನ್ಯಾಗ ಗಂಟು ಹಾಕಿದೆ."

ನಾನು ಮೀಸೆಯ ಮೇಲೆ ಕೈ ಆಡಿಸಿಕೊಂಡು ಸುಮ್ಮನಾದೆ. ಹೀಗೆ ಸುಮ್ಮನಿದ್ದದ್ದು ನಲವತ್ತು ವರ್ಷ. ಇತ್ತೀಚೆಗೆ ಒಂದು ದಿನ ಮೊಮ್ಮಕ್ಕಳೆದುರು ಆಕೆ ಮತ್ತೆ ನನ್ನ ಧೈರ್ಯದ ಕತೆ ತೆಗೆದಾಗ ಮನಸ್ಸು ತಡೆಯಲಿಲ್ಲ.

"ಖರೆ ಹೇಳಿಬಿಡತೇನಿ," ಎಂದೆ. "ಅವತ್ತು ನಾ ಧೈರ್ಯಕ್ಕ ನಿಂತಿರಲಿಲ್ಲ. ಕಾಲು ಸೆಟೆದು ಬಿಟ್ಟಿದ್ವು, ಓಡಾಕ ಬರಲಿಲ್ಲ."

ಆಕೆ ಸಿಟ್ಟಾಗುತ್ತಾಳೆಂದು ತಿಳಿದಿದ್ದೆ. ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕಳು.

"ನನ್ನವೂ ಸೆಟದಿದ್ವು," ಎಂದಳು. "ದೊಡ್ಡವ್ವ ಹತ್ತು ಅಂದಕೂಡಲೆ ನಾನೂ ಎಣಿಸಿದೆ, ಹತ್ತಽ ಬಂತು. ಅಂಜಿ ಕಲ್ಲಾಗಿ ನಿಂತೆ. ಆ ಹತ್ತನೇದಾಕಿ ನಾನಽ ಅಂತ ನನಗ ಹೊಳದದ್ದು ಮನೀ ಮುಟ್ಟಿ ಸೀರಿ ಬಿಚ್ಚಿಟ್ಟ ಮ್ಯಾಲ!"